ಬಾಣ ನಿಧಾನ: ಬಿಲ್ಲು ಬೇಟೆಯ ತಪ್ಪುಗಳು ಎಲ್ಲಿಂದ ಹುಟ್ಟುತ್ತವೆ

ಅಮೆರಿಕದ ಬಿಲ್ಲು ಬೇಟೆಯ ವಿಡಿಯೋಗಳನ್ನು ಶಿರಸಿ, ಯಲ್ಲಾಪುರ ಕಡೆಯ ಹುಡುಗರೂ ಈಗ ನೋಡುತ್ತಾರೆ. ನೋಡಿದವರಿಗೆ ಒಂದು ವಿಷಯ ವಿಚಿತ್ರವಾಗಿ ಕಾಣುತ್ತದೆ. ಜಿಂಕೆ ಎದುರಿಗೇ ನಿಂತಿದೆ. 40 ಮೀಟರ್ ಕೂಡ ದೂರವಿಲ್ಲ. ಬಿಲ್ಲು ಎಳೆದೂ ಆಗಿದೆ. ಆದರೂ ಆ ಮನುಷ್ಯ ಬಾಣ ಬಿಡುವುದಿಲ್ಲ. ಬಿಲ್ಲು ಇಳಿಸಿ ಸುಮ್ನೆ ಕೂರುತ್ತಾನೆ. ಬೆಳಗಿನಿಂದ ಕಾದವನು ಯಾಕೆ ಹೀಗೆ ಮಾಡುತ್ತಾನೆ?

ಅವನು ಬಿಡದಿದ್ದದ್ದಕ್ಕೆ ಕಾರಣ ಗೊತ್ತಾದರೆ ಬಿಲ್ಲು ಬೇಟೆಯ ಮುಕ್ಕಾಲು ಪಾಲು ತಪ್ಪುಗಳು ತಾವಾಗಿಯೇ ಅರ್ಥವಾಗುತ್ತವೆ. ಕಾರಣ ಇಷ್ಟೆ: ಬಾಣ ನಿಧಾನ. ಕೋವಿಯ ಗುಂಡಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಬಿಲ್ಲು ಹಿಡಿದವನು ದೂರದಲ್ಲಿ ತಪ್ಪುತ್ತಾನೆ, ಇಳಿಜಾರಿನಲ್ಲಿ ತಪ್ಪುತ್ತಾನೆ, ಹೊತ್ತಿನಲ್ಲಿ ತಪ್ಪುತ್ತಾನೆ.

ಆದರೆ ಅದಕ್ಕೂ ಮುಂಚೆ ನಮ್ಮೂರಿನ ಕಾನೂನು ಹೇಳಬೇಕು. ಭಾರತದಲ್ಲಿ ಬಿಲ್ಲು ಬೇಟೆ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ. ಗಾಯ ಮಾಡುವುದು, ಹಿಡಿಯುವುದು, ಉರುಳು ಹಾಕುವುದು, ಇವುಗಳಿಗಾಗಿ ಪ್ರಾಣಿಯನ್ನು ಅಟ್ಟುವುದು, ಕೊನೆಗೆ ಇವುಗಳ ಪ್ರಯತ್ನ ಕೂಡ ಬೇಟೆಯೇ. ಬಾಣ ಗುರಿ ತಪ್ಪಿ ದರಕಿನಲ್ಲಿ, ಅಂದರೆ ಒಣಗಿದ ಎಲೆಯ ರಾಶಿಯಲ್ಲಿ, ಹೂತುಹೋದರೂ ಬಿಟ್ಟವನು ಬೇಟೆಯಾಡಿದ ಹಾಗೇ ಲೆಕ್ಕ. 2022ರ ತಿದ್ದುಪಡಿ ದಂಡವನ್ನೂ ಏರಿಸಿದೆ. ಕಾಟಿ ಅಂದರೆ ಕಾಡುಕೋಣದಂಥ ಒಂದನೇ ಅನುಸೂಚಿಯ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಗದ್ದೆಗೆ ಹಂದಿ ನುಗ್ಗಿತು, ತೋಟಕ್ಕೆ ಕಾಟಿ ಬಂತು ಎಂದು ನಾವೇ ಬಿಲ್ಲು ಎತ್ತುವ ಹಾಗಿಲ್ಲ. ಅಂಥ ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಯದ್ದು. ಬೆಳೆ ಹಾನಿಗೆ ಇಲಾಖೆಯಿಂದ ಪರಿಹಾರ ಕೇಳಬಹುದು. ಆ ದಾರಿ ನಿಧಾನ ಎಂದು ಎಲ್ಲರಿಗೂ ಗೊತ್ತು. ಆದರೂ ಇರುವ ದಾರಿ ಅದೇ.

ಹಾಗಾದರೆ ಇದನ್ನೆಲ್ಲ ತಿಳಿದು ಏನು ಪ್ರಯೋಜನ? ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಕೆನಡಾಗಳಲ್ಲಿ ಇದ್ದಾರೆ. ಅಲ್ಲಿ ಪರವಾನಗಿ ಪಡೆದು, ಋತು ನೋಡಿ, ಬಿಲ್ಲಿನಿಂದ ಬೇಟೆಯಾಡಲು ಕಾನೂನು ಒಪ್ಪುತ್ತದೆ. ಬ್ರಿಟನ್‌ನಲ್ಲಿ ಒಪ್ಪುವುದಿಲ್ಲ. ಇನ್ನು ಊರಲ್ಲೇ ಇದ್ದು ಬಿಲ್ಲುಗಾರಿಕೆ ಕಲಿಯುವವರಿಗೆ, ದಾಂಡೇಲಿ ಕಾಡಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವವರಿಗೆ ಕೂಡ ಇದೇ ಪಾಠಗಳು ಬೇಕಾಗುತ್ತವೆ. ಗಾಳಿ, ದೂರ, ತಾಳ್ಮೆ ಮೂವರಿಗೂ ಒಂದೇ ಅಲ್ವಾ?

ಎಷ್ಟು ನಿಧಾನ, ಎಷ್ಟು ದುರ್ಬಲ

ಬೇಟೆಗೆ ಬಳಸುವ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 85 ಮೀಟರ್ ಹೋಗುತ್ತದೆ. ಕಾಂಪೌಂಡ್ ಅಂದರೆ ತುದಿಗಳಲ್ಲಿ ಗಾಲಿ ಇರುವ ಬಿಲ್ಲು. ಅಮೆರಿಕದ ಮಿಸೌರಿಯ ಹೊಲೆಸ್ ವಿಲ್ಬರ್ ಆ್ಯಲೆನ್ ಅದಕ್ಕೆ 1969ರಲ್ಲಿ ಪೇಟೆಂಟ್ ಪಡೆದ. ಗಾಲಿಗಳ ಉಪಯೋಗ ಏನೆಂದರೆ ಪೂರ್ತಿ ಎಳೆದಾಗ ಕೈಗೆ ಬರುವ ಭಾರ ಬಹಳ ಕಡಿಮೆಯಾಗುತ್ತದೆ. ಒಲಿಂಪಿಕ್ಸ್‌ನಲ್ಲಿ ಕಾಣುವ, ತುದಿ ಹಿಂದಕ್ಕೆ ಬಾಗಿದ ಬಿಲ್ಲು ರಿಕರ್ವ್. ಬೇಟೆಗೆ ಬಳಸುವ ರಿಕರ್ವ್‌ನ ಬಾಣ ಸೆಕೆಂಡಿಗೆ 55 ಮೀಟರ್ ಆಸುಪಾಸು. ಶಬ್ದ ಸೆಕೆಂಡಿಗೆ 340 ಮೀಟರ್ ಹೋಗುತ್ತದೆ. ಅಂದರೆ ಎರಡೂ ಬಾಣ ಶಬ್ದಕ್ಕಿಂತ ಬಹಳ ಹಿಂದೆ.

ಶಕ್ತಿಯ ಲೆಕ್ಕವೂ ಹಾಗೇ. 26 ಗ್ರಾಂ ತೂಕದ ಬಾಣ 85 ಮೀಟರ್ ವೇಗದಲ್ಲಿ ಹೊತ್ತೊಯ್ಯುವುದು 94 ಜೂಲ್ ಶಕ್ತಿ. ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ ರೈಫಲ್ಲಿನ ಗುಂಡು ಸಾಮಾನ್ಯವಾಗಿ 3,000 ಜೂಲ್ ದಾಟುತ್ತದೆ. ಗುಂಡು ಹೊಡೆತದಿಂದಲೇ ಪ್ರಾಣಿಯನ್ನು ಕೆಡವಬಲ್ಲದು. ಬಾಣಕ್ಕೆ ಆ ತಾಕತ್ತಿಲ್ಲ. ಅದು ಕೊಯ್ಯುತ್ತದೆ. ಕೊಯ್ದ ಜಾಗದಿಂದ ರಕ್ತ ಹೋಗಿ ಪ್ರಾಣಿ ಸಾಯಬೇಕು. ಆದ್ದರಿಂದ ಬಾಣ ತಾಗಿದರೆ ಸಾಲದು. ಹೃದಯ ಮತ್ತು ಶ್ವಾಸಕೋಶ ಇರುವ ಜಾಗಕ್ಕೇ ತಾಗಬೇಕು. ಜಿಂಕೆಯ ಗಾತ್ರದ ಪ್ರಾಣಿಯಲ್ಲಿ ಆ ಜಾಗ ಸುಮಾರು 20ರಿಂದ 25 ಸೆಂ.ಮೀ. ಅಗಲ. ಬೇರೆ ಕಡೆ ತಾಗಿದರೆ ಆ ಜೀವ ದಿನಗಟ್ಟಲೆ ನರಳುತ್ತದೆ. ಬಿಲ್ಲು ಬೇಟೆಯ ನಿಯಮಗಳೆಲ್ಲ ಈ ನರಳಾಟ ತಪ್ಪಿಸಲು ಇರುವಂಥವು.

ಐದು ಮೀಟರಿನ ಬೆಲೆ

ಅತಿ ಸಾಮಾನ್ಯ ತಪ್ಪು ದೂರದ ಅಂದಾಜು. ತೋಟಕ್ಕೆ ಪೈಪಿನಲ್ಲಿ ನೀರು ಹಾರಿಸುವಾಗ ದೂರದ ಮರಕ್ಕೆ ತಲುಪಲು ಪೈಪಿನ ಬಾಯಿ ಎತ್ತುತ್ತೇವೆ. ಬಾಣದ ದಾರಿಯೂ ಹಾಗೇ ಬಾಗಿದೆ. 55 ಮೀಟರ್ ವೇಗದ ಬಾಣ 30 ಮೀಟರ್ ಹೋಗುವಷ್ಟರಲ್ಲಿ ಸುಮಾರು ಒಂದೂವರೆ ಮೀಟರ್ ಇಳಿಯುತ್ತದೆ. ಆ ಇಳಿತಕ್ಕೆ ಸರಿಯಾಗಿ ಬಿಲ್ಲುಗಾರ ಮೊದಲೇ ಮೇಲಕ್ಕೆ ಗುರಿ ಹಿಡಿದಿರುತ್ತಾನೆ.

ಈಗ ಪ್ರಾಣಿ 30 ಮೀಟರಿನಲ್ಲಿದೆ ಎಂದು ನಂಬಿ ಗುರಿ ಹಿಡಿದ ಅನ್ನಿ. ನಿಜವಾಗಿ ಅದು 35ರಲ್ಲಿದೆ. ರಿಕರ್ವ್‌ನಲ್ಲಿ ಬಾಣ 28 ಸೆಂ.ಮೀ. ಕೆಳಗೆ ಹೋಗುತ್ತದೆ. ಕಾಂಪೌಂಡ್‌ನಲ್ಲಿ 12 ಸೆಂ.ಮೀ. ತಾಗಬೇಕಾದ ಜಾಗದ ನಡುವಿನಿಂದ ಅಂಚಿಗೆ ಇರುವುದೇ 10ರಿಂದ 12 ಸೆಂ.ಮೀ. ಅಂದರೆ ಬರೀ 5 ಮೀಟರ್ ತಪ್ಪಿದರೆ ರಿಕರ್ವ್ ಬಾಣ ಎದೆಗೆ ತಾಗುವುದೇ ಇಲ್ಲ. ಕಾಂಪೌಂಡ್ ಬಾಣ ಅಂಚಿನಲ್ಲಿ ತೂಗಾಡುತ್ತದೆ. 20 ಮೀಟರಿನ ಒಳಗೆ ಇಂಥ ತಪ್ಪು ಬಹಳಷ್ಟು ಕ್ಷಮೆಯಾಗುತ್ತದೆ. ದೂರ ಹೋದಷ್ಟೂ ಕ್ಷಮೆ ಇಲ್ಲ.

ಕಣ್ಣು ಇಲ್ಲಿ ಮೋಸ ಮಾಡುತ್ತದೆ. ಬಿಸಿಲು ಚೆನ್ನಾಗಿರುವಾಗ, ನಡುವೆ ಕಣಿವೆ ಅಥವಾ ಬಯಲು ಗದ್ದೆ ಇರುವಾಗ ವಸ್ತು ಹತ್ತಿರ ಕಾಣುತ್ತದೆ. ಕಾನಿನ ನೆರಳಲ್ಲಿ, ಮಂಜಿನಲ್ಲಿ, ಎರಡು ಬದಿ ಮರಗಳ ನಡುವಿನ ಸಂದಿಯಲ್ಲಿ ದೂರ ಕಾಣುತ್ತದೆ. ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ತೋಟದಲ್ಲಿ ಹತ್ತು ಮರದ ಅಂತರ ಅಂದರೆ ಸುಮಾರು 27 ಮೀಟರ್. ಸಾಲಿನಲ್ಲಿ ನಿಂತು ಕಣ್ಣಳತೆ ಮಾಡಿ, ಆಮೇಲೆ ಮರ ಎಣಿಸಿ ನೋಡಬಹುದು. ಕೆಲವೇ ವಾರ ಹೀಗೆ ಮಾಡಿದರೆ ಕಣ್ಣು ಪಳಗುತ್ತದೆ. ಬೇಟೆಗೆ ಕಾನೂನು ಒಪ್ಪುವ ಕಡೆ ಲೇಸರ್ ದೂರಮಾಪಕ ಸಿಗುತ್ತದೆ. ಅನುಭವಿಗಳು ಕುಳಿತ ಕೂಡಲೇ ಸುತ್ತಲಿನ ನಾಲ್ಕೈದು ಮರಗಳ ದೂರ ಅಳೆದು ನೆನಪಿಟ್ಟುಕೊಳ್ಳುತ್ತಾರೆ. ಪ್ರಾಣಿ ಬಂದ ಮೇಲೆ ಅಳೆಯಲು ಕೈ ಎತ್ತಿದರೆ ಅದಕ್ಕೆ ಕಂಡುಬಿಡುತ್ತದೆ.

ಇಳಿಜಾರು ಇನ್ನೊಂದು ತೊಡಕು. ದೇವಿಮನೆ ಘಟ್ಟದಂಥ ಜಾಗ ನೆನಪಿಸಿಕೊಳ್ಳಿ. ಮೇಲಿನಿಂದ 40 ಡಿಗ್ರಿ ಇಳಿಜಾರಿನಲ್ಲಿ ಕೆಳಗೆ 30 ಮೀಟರ್ ದೂರದ ಗುರಿ. ನೆಲದ ಮಟ್ಟಕ್ಕೆ ಅಳೆದರೆ ಅದು 23 ಮೀಟರ್ ಮಾತ್ರ. ಬಾಣ ಎಷ್ಟು ಇಳಿಯುತ್ತದೆ ಎನ್ನುವುದನ್ನು ನಿರ್ಧರಿಸುವುದು ಈ ಮಟ್ಟದ ದೂರ. 30ರ ಲೆಕ್ಕ ಹಾಕಿ ಬಿಟ್ಟರೆ ರಿಕರ್ವ್ ಬಾಣ ಸುಮಾರು 34 ಸೆಂ.ಮೀ. ಮೇಲೆ ಹೋಗುತ್ತದೆ. ಮೇಲಕ್ಕೆ ಬಿಟ್ಟರೂ ಕೆಳಕ್ಕೆ ಬಿಟ್ಟರೂ ತಪ್ಪು ಒಂದೇ ಕಡೆಗೆ, ಮೇಲಕ್ಕೆ. ಇದು ಹಲವರಿಗೆ ನಂಬಲು ಕಷ್ಟ. ಜೊತೆಗೆ, ಕೆಳಗೆ ಗುರಿ ಹಿಡಿಯುವಾಗ ಕೈ ಮಾತ್ರ ಇಳಿಸಬಾರದು. ಸಮನಾಗಿ ನಿಂತು ಎಳೆದು, ಆಮೇಲೆ ಸೊಂಟದಿಂದ ಬಾಗಬೇಕು. ಕೈ ಇಳಿಸಿದರೆ ಎಳೆತ ಕಡಿಮೆಯಾಗಿ, ಎಳೆದ ಕೈ ಗಲ್ಲಕ್ಕೆ ತಾಗುವ ಜಾಗ ಬದಲಾಗಿ ಎಲ್ಲ ಅಭ್ಯಾಸ ನೀರಲ್ಲಿ ಹೋಗುತ್ತದೆ.

ಹೆದೆಯ ಸದ್ದು ಮೊದಲು ಮುಟ್ಟುತ್ತದೆ

ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಇದು. 30 ಮೀಟರ್ ದೂರದ ಜಿಂಕೆಗೆ ಹೆದೆಯ ಸದ್ದು 0.09 ಸೆಕೆಂಡಿನಲ್ಲಿ ಕೇಳುತ್ತದೆ. ಕಾಂಪೌಂಡ್ ಬಾಣ ತಲುಪುವುದು 0.35 ಸೆಕೆಂಡಿಗೆ, ರಿಕರ್ವ್ ಬಾಣ 0.55 ಸೆಕೆಂಡಿಗೆ. ನಡುವಿನ ಹೊತ್ತಿನಲ್ಲಿ ಜಿಂಕೆ ಬೆಚ್ಚುತ್ತದೆ. ಓಡಲು ನೆಗೆಯುವ ಮುಂಚೆ ಕಾಲು ಮಡಚಿ ಮೈ ಕುಸಿಯುತ್ತದೆ. ಹಾಗೆ ಬರೀ 0.2 ಸೆಕೆಂಡ್ ಕುಸಿದರೂ ಮೈ 20 ಸೆಂ.ಮೀ. ಇಳಿಯಬಲ್ಲದು. ಬಿಲ್ಲುಗಾರ ಎಲ್ಲ ಸರಿ ಮಾಡಿದ್ದಾನೆ. ಬಾಣವೂ ಗುರಿ ಹಿಡಿದ ಜಾಗಕ್ಕೇ ಹೋಗಿದೆ. ಜಾಗವೇ ಅಲ್ಲಿಲ್ಲ.

ಬಿಲ್ಲು ಇಳಿಸಿ ಕುಳಿತ ಮನುಷ್ಯನ ಲೆಕ್ಕ ಇದು. ಜಿಂಕೆಯ ಕಿವಿ ಅವನ ಕಡೆ ತಿರುಗಿರಬಹುದು, ಕತ್ತು ಬಿಗಿದಿರಬಹುದು. ಎಚ್ಚರಗೊಂಡ ಪ್ರಾಣಿ ಬೇಗ ಬೆಚ್ಚುತ್ತದೆ. ತಲೆ ತಗ್ಗಿಸಿ ಮೇಯುತ್ತಿರುವ, ನೆಮ್ಮದಿಯಾಗಿರುವ ಪ್ರಾಣಿ 15 ಮೀಟರಿನಲ್ಲಿದ್ದರೆ ಸದ್ದಿಗೂ ಕಾಂಪೌಂಡ್ ಬಾಣಕ್ಕೂ ನಡುವೆ 0.13 ಸೆಕೆಂಡ್ ಮಾತ್ರ. ಅಷ್ಟರಲ್ಲಿ ಮೈ ಹೆಚ್ಚು ಅಲುಗಾಡದು. ಇನ್ನೂ ವೇಗದ ಬಿಲ್ಲು ಕೊಂಡರೆ ಸರಿಹೋಗುತ್ತದೆ ಎಂದು ಹೊಸಬರು ದುಡ್ಡು ಸುರಿಯುತ್ತಾರೆ. ಹತ್ತಿರ ಹೋಗುವುದನ್ನು ಕಲಿತರೆ ಅದಕ್ಕಿಂತ ಜಾಸ್ತಿ ಲಾಭ.

ಪ್ರಾಣಿ ನಿಂತ ಭಂಗಿಯೂ ನೋಡಬೇಕು. ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ಎದುರಿಗೆ ಮುಖ ಮಾಡಿ ನಿಂತರೆ ಎದೆಯ ಎಲುಬು, ಭುಜದ ಎಲುಬು ಬಾಣವನ್ನು ತಡೆಯುತ್ತವೆ. ಕಣ್ಣಿಗೆ ಕಾಣದ ಸಣ್ಣ ಕಡ್ಡಿ ದಾರಿಯಲ್ಲಿ ಸಿಕ್ಕರೂ ಬಾಣ ದಿಕ್ಕು ಬದಲಿಸುತ್ತದೆ. ಅದರಲ್ಲೂ ಬಾಣದ ದಾರಿ ಬಾಗಿರುವುದರಿಂದ, ನೋಟದ ನೇರಕ್ಕೆ ಅಡ್ಡವಿಲ್ಲದ ಕೊಂಬೆ ಬಾಣದ ದಾರಿಗೆ ಅಡ್ಡ ಬರಬಹುದು.

ಗಾಳಿ, ಮೈವಾಸನೆ

ಹತ್ತಿರ ಹೋಗಬೇಕೆಂದರೆ ಗಾಳಿ ಗೊತ್ತಿರಬೇಕು. ಜಿಂಕೆ, ಹಂದಿಗಳು ಮೂಗನ್ನು ನಂಬಿದಷ್ಟು ಕಣ್ಣನ್ನು ನಂಬುವುದಿಲ್ಲ. ಕಾರವಾರದ ಕಡಲ ಬದಿಯಲ್ಲಿ ಇದರ ಒಂದು ಭಾಗ ಎಲ್ಲರಿಗೂ ಗೊತ್ತು. ಹಗಲು ನೆಲ ಕಾದ ಮೇಲೆ ಗಾಳಿ ಸಮುದ್ರದಿಂದ ಬರುತ್ತದೆ. ರಾತ್ರಿ ನೆಲ ತಣಿದಾಗ ಸಮುದ್ರದ ಕಡೆಗೆ ಹೋಗುತ್ತದೆ. ಘಟ್ಟದಲ್ಲೂ ಅಂಥದ್ದೇ ಏರಿಳಿತ ಇದೆ. ಬೆಳಗಿನ ಜಾವ ತಣ್ಣಗಿನ ಗಾಳಿ ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ಬಿಸಿಲೇರಿದ ಮೇಲೆ ಮೇಲಕ್ಕೆ ಏರುತ್ತದೆ. ಸಂಜೆ ಮತ್ತೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಜಾಗ ಹತ್ತು ಗಂಟೆಗೆ ತಪ್ಪು ಜಾಗವಾಗುವುದು ಹೀಗೆ. ಹಕ್ಕಿ, ಪ್ರಾಣಿಗಳ ಫೋಟೋ ತೆಗೆಯುವವರು ಇದನ್ನು ಗಮನಿಸದೆ ಕಾಡಿಗೆ ಶಾಪ ಹಾಕುವುದುಂಟು.

ಈ ವಿದ್ಯೆಯನ್ನು ಆಧುನಿಕ ಅಮೆರಿಕಕ್ಕೆ ಕಲಿಸಿದವರಲ್ಲಿ ಇಶಿ ಮುಖ್ಯ. ಅವನು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳಾದ ಯಾಹಿ ಜನರಲ್ಲಿ ಕೊನೆಗೆ ಉಳಿದವನು. ಬಿಳಿಯರ ಹತ್ಯಾಕಾಂಡಗಳಲ್ಲಿ ಅವನ ಜನವೆಲ್ಲ ನಾಶವಾಗಿತ್ತು. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಹತ್ತಿರ ಒಬ್ಬನೇ ಹೊರಬಂದ. ಅವನಿಂದ ಬಿಲ್ಲು ಕಲಿತವರು ವೈದ್ಯ ಸ್ಯಾಕ್ಸ್‌ಟನ್ ಪೋಪ್. ಬೇಟೆಗೆ ಹೋಗುವ ಹಿಂದಿನ ದಿನ ಇಶಿ ಮೀನು ತಿನ್ನುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ ಎಂದು ಪೋಪ್ ಬರೆದಿಟ್ಟಿದ್ದಾರೆ. ಬೆಳಿಗ್ಗೆ ಎದ್ದು ಹೊಳೆಯಲ್ಲಿ ಮಿಂದು, ವಾಸನೆಯ ಎಲೆಗಳನ್ನು ಮೈಗೆ ಉಜ್ಜಿಕೊಳ್ಳುತ್ತಿದ್ದ. ಬೆರಳಿಗೆ ತುಟಿಯೊತ್ತಿ ಸದ್ದು ಮಾಡಿ ಮೊಲಗಳನ್ನು ತನ್ನ ಹತ್ತಿರಕ್ಕೇ ಕರೆಯುತ್ತಿದ್ದ. ಗುರಿಯ ಪಂದ್ಯದಲ್ಲಿ ಇಶಿಯನ್ನು ಮೀರಿಸುವವರು ಇದ್ದರು. ಹತ್ತಿರ ಹೋಗುವುದರಲ್ಲಿ ಇರಲಿಲ್ಲ. ಅವನು 1916ರಲ್ಲಿ ಕ್ಷಯದಿಂದ ತೀರಿಕೊಂಡ. ಈಗಿನ ಬಿಲ್ಲು ಬೇಟೆಯ ಸಂಪ್ರದಾಯ ಪೋಪ್ ಹೆಸರು ಹೇಳಿದಷ್ಟು ಇಶಿಯ ಹೆಸರು ಹೇಳುವುದಿಲ್ಲ. ಹೇಳಬೇಕಿತ್ತು.

ಬಿಲ್ಲುಗಾರನೊಳಗಿನ ತಪ್ಪು

ಹೊಸಬರು ತೋಳಿಗೆ ಮೀರಿದ ಬಿಲ್ಲು ಕೊಳ್ಳುತ್ತಾರೆ. ಎಳೆಯುವಾಗ ಬಿಲ್ಲನ್ನು ಆಕಾಶಕ್ಕೆ ಎತ್ತಬೇಕಾದರೆ, ಎಳೆದು ಹಿಡಿದಾಗ ಕೈ ನಡುಗಿದರೆ ಎಳೆತದ ಭಾರ ಜಾಸ್ತಿ ಎಂದೇ ಅರ್ಥ. ಕುಳಿತು, ನಿಧಾನವಾಗಿ, ಬಿಲ್ಲು ಗುರಿಯ ಕಡೆಗೇ ಇಟ್ಟುಕೊಂಡು ಎಳೆಯಲು ಆಗಬೇಕು. ಭಾರ ಕಡಿಮೆ ಮಾಡಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ. ಆರಂಭದಲ್ಲೇ ಇನ್ನೊಂದು ನೋಡಿಕೊಳ್ಳಬೇಕು: ಗುರಿ ನೋಡುವಾಗ ಬಲಗಣ್ಣಿನ ಜೋರು ಹೆಚ್ಚೋ, ಎಡಗಣ್ಣಿನದೋ. ಅದಕ್ಕೆ ತಕ್ಕ ಬಿಲ್ಲು ಹಿಡಿಯಬೇಕು.

ಬಾಣದ ಗಡಸುತನವೂ ಬಿಲ್ಲಿಗೆ ಹೊಂದಬೇಕು. ಹೆದೆ ಬಿಟ್ಟ ಕ್ಷಣ ಬಾಣ ನೆಟ್ಟಗೆ ಹೋಗುವುದಿಲ್ಲ. ಮೀನಿನಂತೆ ಬಳುಕುತ್ತ ಬಿಲ್ಲಿನ ಬದಿಯನ್ನು ಸುತ್ತಿ ಹೊರಬರುತ್ತದೆ. ಬೆರಳಿನಿಂದ ಬಿಡುವ ರಿಕರ್ವ್‌ನಲ್ಲಿ ಇದು ಎದ್ದು ಕಾಣುತ್ತದೆ. ಬಾಣ ತೀರಾ ಗಡಸಾದರೂ ತೀರಾ ಮೆದುವಾದರೂ ಪಕ್ಕಕ್ಕೆ ಹೋಗುತ್ತದೆ. ಆಗ ಜನ ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ, ತಪ್ಪು ಬಾಣದಲ್ಲಿರುತ್ತದೆ. ಬೇಟೆಯ ಅಗಲ ಅಲಗಿನ ಮೊನೆ ಹಾಕಿದಾಗಲೂ ಹೀಗೇ. ಅಲಗು ಬಾಣದ ಮುಂದೆ ಸಣ್ಣ ರೆಕ್ಕೆಯಾಗಿ ಕೆಲಸ ಮಾಡುತ್ತದೆ. ಅಭ್ಯಾಸದ ಮೊನೆಯಲ್ಲಿ ಸರಿಯಾಗಿ ಹೋದ ಬಾಣ ಇಲ್ಲಿ ಬೇರೆ ಕಡೆ ಹೋಗಬಹುದು. ಬೇಟೆಗೆ ಹೊರಡುವ ಮುಂಚೆ ಅದೇ ಮೊನೆಯಲ್ಲಿ ಅಭ್ಯಾಸ ಮಾಡದಿರುವುದು ದೊಡ್ಡ ತಪ್ಪು. ಅಲಗು ಮೊಂಡಾಗಿದ್ದರೆ ಅದಕ್ಕಿಂತ ದೊಡ್ಡ ತಪ್ಪು.

ಇನ್ನು ಮನಸ್ಸಿನ ತೊಂದರೆ. ಗುರಿ ಕಂಡ ಕೂಡಲೇ ಬೆರಳು ತಾನೇ ಬಿಟ್ಟುಬಿಡುತ್ತದೆ. ಬಾಣ ಎಲ್ಲಿ ಹೋಯಿತು ಎಂದು ನೋಡಲು ತಲೆ ಎದ್ದುಬಿಡುತ್ತದೆ. ಪಂದ್ಯದ ಬಿಲ್ಲುಗಾರರನ್ನೂ ಇದು ವರ್ಷಗಟ್ಟಲೆ ಕಾಡುತ್ತದೆ. ಮದ್ದು ಸರಳ, ಬೇಸರದ್ದು. ಮೂರು ನಾಲ್ಕು ಮೀಟರಿನಲ್ಲಿ ಗುರುತಿಲ್ಲದ ಹುಲ್ಲಿನ ಗುರಿ ಇಟ್ಟು, ಕಣ್ಣು ಮುಚ್ಚಿ ಬಾಣ ಬಿಡುವುದು. ತಾಗುವ ಚಿಂತೆ ಇಲ್ಲದಾಗ ಬೆನ್ನಿನ ಸ್ನಾಯು ಎಳೆಯುವುದು, ಬೆರಳು ಸಡಿಲವಾಗುವುದು ಗಮನಕ್ಕೆ ಬರುತ್ತದೆ. ಬಾಣ ಗುರಿಗೆ ತಾಗಿದ ಸದ್ದು ಕೇಳುವವರೆಗೆ ತಲೆ, ಕೈ ಅಲ್ಲೇ ಇರಬೇಕು.

ಬಿಟ್ಟ ಮೇಲೆ

ಯಕ್ಷಗಾನದಲ್ಲಿ ಕಿರಾತನೂ ಅರ್ಜುನನೂ ಒಂದೇ ಹಂದಿಗೆ ಬಾಣ ಬಿಟ್ಟು, ಕೊಂದವರು ಯಾರು ಎಂದು ವಾದ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಆಟದಲ್ಲಿ ಹಂದಿ ತಕ್ಷಣ ಬೀಳುತ್ತದೆ. ಕಾಡಿನಲ್ಲಿ ಎದೆಗೆ ಸರಿಯಾಗಿ ಬಾಣ ತಾಗಿದ ಪ್ರಾಣಿ ಕೂಡ ಸ್ವಲ್ಪ ದೂರ ಓಡಿಯೇ ಬೀಳುವುದು. ಹಿಂದೆಯೇ ಓಡಿದರೆ ಹೆದರಿಕೆಯಲ್ಲಿ ಅದು ಇನ್ನೂ ದೂರ ಹೋಗುತ್ತದೆ. ಆದ್ದರಿಂದ ಬೇಟೆ ಕಾನೂನುಬದ್ಧವಾದ ಕಡೆ ಕಲಿಸುವ ನಿಯಮ ಕಾಯುವುದು. ನೊರೆ ಇರುವ ತಿಳಿಗೆಂಪು ರಕ್ತ ಶ್ವಾಸಕೋಶದ್ದು, ಅರ್ಧ ಗಂಟೆ ಕಾದು ಹೊರಡಬಹುದು. ಕಪ್ಪುಗೆಂಪು ಬಣ್ಣದ್ದು ಯಕೃತ್ತಿನದ್ದು, ಕೆಲವು ಗಂಟೆ ಬೇಕು. ಹಸಿರು ಕಸ, ಕೆಟ್ಟ ವಾಸನೆ ಇದ್ದರೆ ಬಾಣ ಹೊಟ್ಟೆಗೆ ತಾಗಿದೆ, ಇನ್ನೂ ಹೆಚ್ಚು ಹೊತ್ತು ಕಾಯಬೇಕು. ಕೊನೆಗೂ ಹುಡುಕಿಯೇ ತೀರಬೇಕು. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಮನೆಗೆ ಹೋಗುವವನು ಬಿಲ್ಲು ಹಿಡಿಯಲೇಬಾರದು.

ಬೇಟೆಗಾರನ ಜೀವಕ್ಕೆ ದೊಡ್ಡ ಅಪಾಯ ಬಾಣವಲ್ಲ, ಮರ. ಮರಕ್ಕೆ ಕಟ್ಟಿದ ಅಟ್ಟಣಿಗೆಯಿಂದ ಬಿದ್ದು ಬೆನ್ನು ಮುರಿದುಕೊಳ್ಳುವವರೇ ಜಾಸ್ತಿ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರ ಊರಿನವರಾದ ನಮಗೆ ಈ ನೋವು ಹೊಸದಲ್ಲ. ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಪೂರ್ತಿ ಮೈಯ ಸುರಕ್ಷಾ ಪಟ್ಟಿ ಇರಬೇಕು. ಬಿಲ್ಲನ್ನು ಹೆಗಲಿಗೆ ಹಾಕಿ ಹತ್ತದೆ, ಆಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು.

ಊರಲ್ಲೇ ಕಲಿಯುವುದಾದರೆ

ಪ್ರಾಣಿಯ ಆಕಾರದ ರಬ್ಬರ್ ಗುರಿಗಳನ್ನು ಕಾಡುದಾರಿಯಲ್ಲಿ ನಿಲ್ಲಿಸಿ, ದೂರ ಹೇಳದೆ ಬಾಣ ಬಿಡಿಸುವ ಪಂದ್ಯ ಇದೆ. ಅದಕ್ಕೆ ತ್ರೀಡಿ ಬಿಲ್ಲುಗಾರಿಕೆ ಎನ್ನುತ್ತಾರೆ. ಒಲಿಂಪಿಕ್ಸ್‌ನಲ್ಲಿ ದೂರ 70 ಮೀಟರ್ ಎಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಗೊತ್ತಿಲ್ಲ, ನೆಲವೂ ಸಮವಿಲ್ಲ. ಬೇಟೆಯ ಬುದ್ಧಿಯೆಲ್ಲ ಬೇಕು, ಜೀವ ಹೋಗುವುದಿಲ್ಲ. ನಮ್ಮ ಜಿಲ್ಲೆಯ ನೆಲ ಇದಕ್ಕೆ ಹೇಳಿ ಮಾಡಿಸಿದ್ದು ಎಂದು ನಾನು ನಂಬುತ್ತೇನೆ. ಗುರಿಯನ್ನು ಎತ್ತರದ ಮಣ್ಣಿನ ದಿಬ್ಬಕ್ಕೆ ಒತ್ತಿ ಇಡಬೇಕು. ಗುರಿ ತಪ್ಪಿ ಮೇಲಕ್ಕೆ ಹೋದ ಬಾಣ 200 ಮೀಟರ್ ದಾಟಿ ಬೀಳಬಲ್ಲದು. ಬೆಟ್ಟದಲ್ಲಿ ಸೊಪ್ಪು, ದರಕು ತರಲು ಜನ ಓಡಾಡುತ್ತಾರೆ. ಹಿಂದೆ ಮಣ್ಣು ಕಾಣದ ಗುರಿಗೆ ಬಾಣ ಬಿಡಬಾರದು.

ಮಳೆಗಾಲದಲ್ಲಿ ಬಿಲ್ಲಿನ ಆರೈಕೆ ಬೇರೆ ಕೆಲಸ. ಹಕ್ಕಿಗರಿಯ ಬಾಣ ನೆನೆದರೆ ಗರಿ ಮಲಗಿ ದಿಕ್ಕು ತಪ್ಪುತ್ತದೆ, ಪ್ಲಾಸ್ಟಿಕ್ ಗರಿ ವಾಸಿ. ಬಿದಿರಿನ ಬಾಣ ತೇವಕ್ಕೆ ಬಾಗುತ್ತದೆ, ಆಗಾಗ ಕಣ್ಣಿಗೆ ಹಿಡಿದು ನೋಡಿ ನೆಟ್ಟಗೆ ಮಾಡಬೇಕು. ಮರ, ಬಿದಿರಿನ ಬಿಲ್ಲಾದರೆ ಕೆಲಸ ಮುಗಿದ ಮೇಲೆ ಹೆದೆ ಬಿಚ್ಚಿಡಬೇಕು. ಹೆದೆಗೆ ಮೇಣ ಹಚ್ಚಬೇಕು. ಬೇಸಿಗೆಯಲ್ಲಿ ಕಾರವಾರದ ಬಿಸಿಲಲ್ಲಿ ಕಾರಿನೊಳಗೆ ಬಿಲ್ಲು ಬಿಟ್ಟರೆ ಅಂಟು ಬಿಡುತ್ತದೆ. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡುವುದನ್ನು ಮಕ್ಕಳಿಗೂ ಮಾಡಲು ಬಿಡಬೇಡಿ, ಬಿಲ್ಲೇ ಒಡೆಯುತ್ತದೆ. ಕಾರ್ಬನ್ ಬಾಣವನ್ನು ಪ್ರತಿ ಸಲ ಸ್ವಲ್ಪ ಬಗ್ಗಿಸಿ ಬಿರುಕಿನ ಸದ್ದು ಬರುತ್ತದೆಯೇ ಕೇಳಿ. ಬಿರುಕಿದ್ದ ಬಾಣ ಬಿಡುವಾಗ ಚೂರಾಗಿ ಹಿಡಿದ ಕೈಗೇ ಚುಚ್ಚಬಹುದು. ಅಂಥದ್ದನ್ನು ಅಲ್ಲೇ ಮುರಿದು ಬೇರೆ ಇಡಿ.